ಕಾಳಪ್ಪ ಕುಂತರೆ ಕರಕರ

ಕುಷ್ಟಗಿಯಿಂದ ಹನುಮಸಾಗರಕ್ಕೆ ಬರುವ ರಸ್ತೆಗೆ ಕಲ್ಲು ಒಡೆದವರು ನೂರಾರು ಮಂದಿ. ಆ ರಸ್ತೆಯ ಮೇಲೆ ಸ್ವಂತ ಮೋಟಾರಿನಲ್ಲಿ ಕೂತು ಊರು ಸೇರಿದವನು ಒಬ್ಬನೇ, ಗುತ್ತೇದಾರ ಓಬಳೆಪ್ಪ. ಒಂದು ಕಾಲಕ್ಕೆ ಅವನೂ ಸುತ್ತಿಗೆ ಹಿಡಿದವನೇ. ಮೊದಲು ಕಲ್ಲು ಒಡೆದ, ಆಮೇಲೆ ಒಡೆಸಿದ, ಕೊನೆಗೆ ಇಡೀ ರಸ್ತೆಯನ್ನೇ ಗುತ್ತಿಗೆ ಹಿಡಿದ. ಜರ್ಮನಿಯ ಲಡಾಯಿ ಶುರುವಾದ ಮರುವರ್ಷ, ವಿಲಾಯತಿಗೆ ವಾಪಸು ಹೊರಟಿದ್ದ ಬಳ್ಳಾರಿಯ ಒಬ್ಬ ದೊರೆಯಿಂದ ಕಪ್ಪು ಮೋಟಾರೊಂದನ್ನು ಕೊಂಡು ತಂದ.

ಮೋಟಾರು ಊರಿಗೆ ಹೊಸದಲ್ಲ. ಸರಕಾರಿ ಮೋಟಾರು ವರ್ಷಕ್ಕೆರಡು ಸಲ ಧೂಳೆಬ್ಬಿಸಿ ಹೋಗುತ್ತಿತ್ತು. ಆದರೆ ಈ ಮೋಟಾರಿನ ಹೊಟ್ಟೆಯಲ್ಲಿ ರೇಡಿಯೋ ಇತ್ತು. ಡ್ರೈವರನ ಮೊಣಕಾಲ ಹತ್ತಿರ ಒಂದು ಕರಿ ಪೆಟ್ಟಿಗೆ, ಅದಕ್ಕೊಂದು ಬಿರಟೆ. ತಿರುವಿದರೆ ಮುಂಬಯಿ ಮಾತಾಡುತ್ತಿತ್ತು. ಕೊಪ್ಪಳದಲ್ಲಿ ರೇಡಿಯೋ ಇದ್ದ ಮನೆ ಇರಬಹುದು, ಗಂಗಾವತಿಯಲ್ಲೂ ಇರಬಹುದು. ಆದರೆ ಅವು ಮೇಜಿನ ಮೇಲೆ ಕೂತಲ್ಲೇ ಕೂತಿರುವ ಸೋಮಾರಿ ರೇಡಿಯೋಗಳು. ಗಂಟೆಗೆ ಇಪ್ಪತ್ತು ಮೈಲಿ ಓಡುತ್ತ ಹಾಡುವ ರೇಡಿಯೋ ತಮ್ಮೂರಿನಲ್ಲಿ ಮಾತ್ರ ಇದೆಯೆಂದು ಹನುಮಸಾಗರದವರು ಸಂತೆಗೆ ಬಂದ ಪರವೂರಿನವರ ಕೈಹಿಡಿದು ನಿಲ್ಲಿಸಿ ಹೇಳಿದರು. ಹೇಳುವಾಗ ಎಲ್ಲರೂ 'ನಮ್ಮ ಮೋಟಾರ' ಎನ್ನುತ್ತಿದ್ದರು. ಓಬಳೆಪ್ಪ ಅದಕ್ಕೆ ತಕರಾರು ತೆಗೆಯಲಿಲ್ಲ. ಹೆಮ್ಮೆ ಹಂಚಿದರೆ ಸವೆಯುವ ಪದಾರ್ಥವಲ್ಲವೆಂಬುದು ಅವನಿಗೆ ಗೊತ್ತಿತ್ತು.

ಬಂದ ಮರುದಿನ ಸಂಜೆ ಮೋಟಾರು ಓಬಳೆಪ್ಪನ ಮನೆಯ ಮುಂದೆ ನಿಂತಿತ್ತು. ಎಂಜಿನ್ನು ಗುರುಗುಟ್ಟುತ್ತಿತ್ತು, ಒಳಗಿನಿಂದ ಹೆಣ್ಣುಮಗಳೊಬ್ಬಳು ಹಾಡುತ್ತಿದ್ದಳು, ಸುತ್ತ ಅರ್ಧ ಊರು ಉಸಿರು ಹಿಡಿದು ನಿಂತಿತ್ತು. ಓಬಳೆಪ್ಪ ಮುಂದಿನ ಸೀಟಿನಲ್ಲಿ ಡ್ರೈವರ್ ಆದೆಪ್ಪನ ಪಕ್ಕ ಕೂತು ತನ್ನ ಮುಕಾದಂನನ್ನು ಕೂಗಿದ.

"ಕಾಳ್ಯಾ! ಬಾ ಇಲ್ಲೆ. ಹಿಂದ ಎಡಕ್ಕ ಕುಂದ್ರು. ಗುಡ್ಡದ ಕಡೆ ಕಲ್ಲಿನ ಗುಂಪಿ ಎಲ್ಲೆಲ್ಲಿ ಹಾಕಿಸೀಯೋ ತೋರಸು ನಡಿ."

ಕಲ್ಲು ಒಡೆಯುವ ಆಳುಗಳ ಮೇಲಿನ ಮೇಸ್ತ್ರಿಗೆ ಆಗ ಮುಕಾದಂ ಎನ್ನುತ್ತಿದ್ದರು. ಕಾಳಪ್ಪ ಆ ಹುದ್ದೆಗೆ ತಕ್ಕ ಆಳು. ಕಟ್ಟೆಯ ಮೇಲೆ ಅವನು ಕೂಡಬೇಕಾದರೆ ಮೂವರು ಏಳಬೇಕು. ಬುದ್ಧಿ ಕೆಟ್ಟದ್ದಲ್ಲ. ಆದರೆ ಒಂದು ಮಾತು ಅವನ ಕಿವಿಯಿಂದ ಹೊಕ್ಕು, ಅರ್ಥವಾಗಿ, ಬಾಯಿಂದ ಹೊರಬೀಳುವಷ್ಟರಲ್ಲಿ ಉಳಿದವರು ಉಂಡು ಕೈ ತೊಳೆದಿರುತ್ತಿದ್ದರು.

ಕಾಳಪ್ಪ ಎರಡು ಸಲ ಕಾಲು ತೊಳೆದ. ಮೋಟಾರಿಗೆ ಕೈಮುಗಿದ. ಮೆಟ್ಟಿಲಹಲಗೆಯ ಮೇಲೆ ಬಲಗಾಲಿಟ್ಟು ಒಳಗೆ ಹೋಗಿ ಕೂತ.

"ಕರ್ರ್... ಪಟ್... ಪಟಪಟ... ಕರ್ರ್ರ್!"

ಹಾಡುತ್ತಿದ್ದ ಹೆಣ್ಣುಮಗಳ ಬಾಯಲ್ಲಿ ಯಾರೋ ಹಿಡಿ ಕಡಲೆ ತುರುಕಿದಂತಾಯಿತು. ಜನ ಎರಡು ಹೆಜ್ಜೆ ಹಿಂದೆ ಸರಿದರು. ಕಾಳಪ್ಪ ಗಾಬರಿಯಾಗಿ ಕೆಳಗಿಳಿದ. ಹಾಡು ಮತ್ತೆ ಸ್ವಚ್ಛವಾಗಿ ಬಂತು.

"ಹತ್ತು," ಎಂದ ಆದೆಪ್ಪ. ಹತ್ತಿದ. ಕರ್ರ್.

"ಇಳಿ." ಇಳಿದ. ಹಾಡು.

"ಹತ್ತು." ಕರ್ರ್.

ಆದೆಪ್ಪ ಬಳ್ಳಾರಿಯಿಂದ ಮೋಟಾರಿನ ಜೊತೆಗೇ ಬಂದ ಡ್ರೈವರು. ಹಳೆಯ ದೊರೆಯ ಕೈಕೆಳಗೆ ಕೆಲಸ ಮಾಡಿದ್ದರಿಂದ ರೇಡಿಯೋ ಶಾಸ್ತ್ರದಲ್ಲಿ ಅವನ ಮಾತೇ ಕೊನೆ. "ನೋಡ್ರಿ ಧಣ್ಯಾರ," ಎಂದ, ಎಲ್ಲರಿಗೂ ಕೇಳುವಂತೆ. "ಮೋಟಾರದ ರೇಡಿಯೋದಾಗ ಕರಕರಿಗೆ ಮೂರ ಮನಿ. ಒಂದು ಪ್ಲಗ್ಗು, ಒಂದು ಡೈನಮೋ, ಒಂದು ಗಾಲಿ. ದೊರಿ ನನಗ ಬಾಯಿಪಾಠ ಮಾಡಿಸ್ಯಾನ."

ಅವನು ಮುಚ್ಚಳ ಎತ್ತಿ ಪ್ಲಗ್ಗುಗಳ ತಲೆಯ ಮೇಲಿನ ಕರಿ ಟೊಪ್ಪಿಗೆಗಳನ್ನು ಒಂದೊಂದಾಗಿ ಅದುಮಿ ನೋಡಿದ. ಡೈನಮೋದ ಪಕ್ಕದ ಡಬ್ಬಿಯನ್ನು ತಟ್ಟಿದ. ನಿಂತ ಗಾಲಿ ಕರಕರ ಮಾಡುವುದಿಲ್ಲವಾದರೂ ನಾಲ್ಕನ್ನೂ ಒದ್ದು ನೋಡಿದ. ಎಲ್ಲ ನೆಟ್ಟಗಿತ್ತು. ಕೈ ಒರೆಸಿಕೊಳ್ಳುತ್ತ ಬಂದು ಗಂಭೀರವಾಗಿ ಹೇಳಿದ: "ಮೂರೂ ಮನಿ ಖಾಲಿ ಅದಾವ್ರಿ. ನಾಕನೇ ಮನಿ ಕಾಳಪ್ಪ."

ಕಾಳಪ್ಪನ ಮೈಮೇಲಿನ ಲೋಹವೇ ಕಾರಣವಿರಬೇಕೆಂದು ತೀರ್ಮಾನವಾಯಿತು. ಮೊದಲು ಅಡಕೊತ್ತು ಹೊರಗೆ ಬಂತು. ಕರ್ರ್. ಸುಣ್ಣದ ಡಬ್ಬಿ ಬಂತು. ಕರ್ರ್. ಬೆಳ್ಳಿ ಕಡಗ ಸೋಪು ಹಚ್ಚಿದ ಮೇಲೆ ಬಂತು. ಕರ್ರ್. ತಾಯತ ಬಿಚ್ಚಿದರು. ಕರ್ರ್. ಕೊನೆಗೆ ಓಬಳೆಪ್ಪ ಅವನ ಬೆಳ್ಳಿಯ ಉಡದಾರದ ಕಡೆ ಬೆರಳು ಮಾಡಿದ. ಅಷ್ಟರಲ್ಲಿ ಕಾಳಪ್ಪನ ಹೆಂಡತಿ ಹುಲಿಗವ್ವ ಜನರನ್ನು ಸೀಳಿಕೊಂಡು ಬಂದಳು.

"ಏನ್ರಿ ಇದು ಧಣ್ಯಾರ? ನಡುಬೀದ್ಯಾಗ ನನ್ನ ಗಂಡನ ಉಡದಾರ ಬಿಚ್ಚಸ್ತೀರಿ? ಅದರ ಆಸರಕ್ಕ ಧೋತ್ರ ನಿಂತೈತಿ! ಧೋತ್ರ ಹ್ವಾದ ಮ್ಯಾಲ ನಿಮ್ಮ ರೇಡಿಯೋ ಏನ್ ಹಾಡತೈತಿ?"

ಹೆಂಗಸರು ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕರು. ಕಾಳಪ್ಪನ ಮುಖ ಇಳಿದು ಎದೆಗೆ ಬಂದಿತ್ತು. ಊರಿಗೆಲ್ಲ ಹಾಡುವ ಪೆಟ್ಟಿಗೆ ತನ್ನನ್ನು ಕಂಡರೆ ಮಾತ್ರ ಉಗುಳುತ್ತದಲ್ಲ ಎಂದು ಅವನಿಗೆ ಸಂಕಟವಾಗಿತ್ತು. ಆಗ ಜನರ ನಡುವಿನಿಂದ ಫಕೀರಮ್ಮ ಕೋಲೂರಿಕೊಂಡು ಮುಂದೆ ಬಂದಳು. ಆಕೆ ಊರಿನ ಸೂಲಗಿತ್ತಿ. ಅಲ್ಲಿ ನಿಂತವರಲ್ಲಿ ಮುಕ್ಕಾಲು ಮಂದಿ ಆಕೆಯ ಕೈಯಲ್ಲೇ ಹುಟ್ಟಿದವರು. ಹೀಗಾಗಿ ಆಕೆಗೆ ಎದುರು ಮಾತಿಲ್ಲ.

"ಲೋಹ ಅಲ್ಲೋ ಅಪ್ಪಗಳಿರಾ. ಇಂವ ಹುಟ್ಟಿದ ದಿನಾ ನನಗ ನೆನಪೈತಿ. ಅವತ್ತ ಬೇವಿನ ಗಿಡಕ್ಕ ಸಿಡ್ಲು ಬಡೀತು. ಇವನ ಅವ್ವ ಆ ಗಿಡದ ಕೆಳಗ ನಿಂತಿದ್ಲು. ಆ ಸಿಡ್ಲು ಗಿಡದಿಂದ ಆಕಿಗೆ, ಆಕಿಯಿಂದ ಇವಗ ಇಳದೈತಿ. ಇಂವ ಸಾದಾ ಮನಶ್ಯಾ ಅಲ್ಲ."

ಚರಿತ್ರೆಯ ದೃಷ್ಟಿಯಿಂದ ಹೇಳುವುದಾದರೆ, ಸಿಡಿಲು ಬಡಿದ ಬೇವಿನ ಗಿಡ ಇದ್ದದ್ದು ಹನುಮನಹಳ್ಳಿಯಲ್ಲಿ, ಬಡಿದದ್ದು ಕಾಳಪ್ಪ ಹುಟ್ಟುವುದಕ್ಕಿಂತ ನಾಲ್ಕು ವರ್ಷ ಮೊದಲು, ಅದರ ಕೆಳಗೆ ನಿಂತಿದ್ದದ್ದು ಒಂದು ಎಮ್ಮೆ. ಆದರೆ ಇಂಥ ಹೊತ್ತಿನಲ್ಲಿ ಚರಿತ್ರೆಯನ್ನು ಯಾರು ಕೇಳುತ್ತಾರೆ? ಜನ "ಹೌದ್ಹೌದು" ಎಂದರು. ಓಬಳೆಪ್ಪ ರುಮಾಲು ಸರಿಪಡಿಸಿಕೊಂಡ. ಮಾತು ಕಾಳಪ್ಪನ ಕಿವಿಯಿಂದ ಹೊಕ್ಕು, ಎಂದಿಗಿಂತ ಬೇಗ ಅರ್ಥವಾಗಿ, ನೇರವಾಗಿ ಎದೆಗೆ ಹೋಯಿತು. ಎದೆ ಎರಡು ಬೆರಳಷ್ಟು ಮುಂದೆ ಬಂತು.

ಮರುದಿನದಿಂದ ಕಾಳಪ್ಪನ ನಡಿಗೆ ಬದಲಾಯಿತು. ಮೊದಲು ಅವನು ಬೀದಿಯ ಅಂಚಿಗೆ ನಡೆಯುತ್ತಿದ್ದ. ಈಗ ನಟ್ಟನಡುವೆ, ಕೈಗಳನ್ನು ಮೈಯಿಂದ ಒಂದು ಗೇಣು ದೂರ ಹಿಡಿದುಕೊಂಡು, ತುಂಬಿದ ಕೊಡ ಹೊತ್ತವನಂತೆ ನಡೆಯತೊಡಗಿದ. "ತಟ್ಟಿಗಿಟ್ಟಿ ಬಿಟ್ಟೀತು," ಎಂದು ಎದುರು ಬಂದವರಿಗೆ ಎಚ್ಚರ ಹೇಳುತ್ತಿದ್ದ. ಗುಡ್ಡದ ಕೆಲಸದಲ್ಲಿ ಆಳುಗಳಿಗೆ, "ಹಾರಿ ನನ್ನ ಹತ್ರ ತರಬ್ಯಾಡ್ರಿ, ಕಬ್ಬಿಣಾ ನನ್ನ ಕಂಡ್ರ ಏನ್ ಮಾಡತೈತೋ ಗೊತ್ತಿಲ್ಲ," ಎಂದು ಹೇಳಿ ಮರದ ನೆರಳಿನಲ್ಲೇ ಕೂತ. ಆಳುಗಳು ಅದನ್ನು ನಂಬಿ ಗೌರವದಿಂದ ದೂರ ಸರಿದರು. ಮಂಡಿನೋವಿನ ಮುದುಕಿಯರು ಬೆಳಗಾಗುತ್ತಲೇ ಅವನ ಮನೆಯ ಕಟ್ಟೆಗೆ ಬಂದು, "ಯಪ್ಪಾ, ಒಂದೀಟ ಮುಟ್ಟು," ಎನ್ನತೊಡಗಿದರು. ಮುಟ್ಟಿದ. ಅವರಲ್ಲಿ ಇಬ್ಬರು ಸಲೀಸಾಗಿ ಎದ್ದು ನಡೆದು ಹೋದರು. ಅವರು ಬರುವಾಗಲೂ ನಡೆದೇ ಬಂದಿದ್ದರೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಒಪ್ಪದವಳು ಹುಲಿಗವ್ವ ಒಬ್ಬಳೇ. "ಮೈಯಾಗ ಸಿಡ್ಲೈತಿ ಅಂತಿ. ಒಲಿ ಹತ್ತವಲ್ದು, ಹಸೀ ಕಟಗಿ. ಬಾ, ಒಂದ ಬೆರಳ ಹಚ್ಚು," ಎಂದಳು.

"ಅದು ಅಂಥಾ ಸಣ್ಣ ಕೆಲಸಕ್ಕ ಬರೂ ಸಿಡ್ಲಲ್ಲ," ಎಂದ ಕಾಳಪ್ಪ.

ಆದರೂ ನೀರು ತರಲು ಹೋದಾಗ ಹೆಂಗಸರು, "ಮೊದಲ ನೀ ಸೇದವಾ ಹುಲಿಗವ್ವ, ಸಿಡ್ಲಪ್ಪ ಕಾಯ್ತಿದ್ದಾನು," ಎಂದು ಬಾವಿಯಲ್ಲಿ ದಾರಿ ಬಿಡತೊಡಗಿದರು. ಹುಲಿಗವ್ವ ಬೇಡವೆನ್ನಲಿಲ್ಲ. ಕೊಡ ಎತ್ತುವಾಗ ಅವಳ ಕುತ್ತಿಗೆಯೂ ಚೂರು ನೆಟ್ಟಗಾಗುತ್ತಿತ್ತೆಂದು ನೋಡಿದವರು ಹೇಳುತ್ತಾರೆ. ಓಬಳೆಪ್ಪನೂ ಪಕ್ಕದ ಊರುಗಳಲ್ಲಿ ಹೇಳಿಕೊಂಡ: "ಮುಂಬಯಿ ರೇಡಿಯೋ ಬಂದ್ ಮಾಡೂ ಮನಶ್ಯಾ ನನ್ನ ಕೈಕೆಳಗ ಅದಾನ." 'ಕಾಳ್ಯಾ' ಎಂಬುದು 'ಕಾಳಪ್ಪ' ಆಯಿತು. ಹದಿನೈದು ದಿನಕ್ಕೆ 'ಕಾಳಪ್ಪನವರ' ಆಯಿತು.

ಸುದ್ದಿ ಪೋಲೀಸ ಅಮೀನ ಹುಸೇನಬಾಷಾ ಸಾಹೇಬರಿಗೆ ಮುಟ್ಟಿತು. ಅಮೀನರು ಬಿದಿರಿನ ಕೋಲಿನಂಥ ಮನುಷ್ಯ. ಹನ್ನೆರಡು ವರ್ಷದಿಂದ ಅದೇ ಹುದ್ದೆಯಲ್ಲಿದ್ದರು. ಆಡಿನ ಕಳವು, ಬದುವಿನ ಜಗಳ ಬಿಟ್ಟರೆ ಮೇಲಿನವರಿಗೆ ಬರೆದು ಕಳಿಸುವಂಥ ಒಂದು ದೊಡ್ಡ ಸಂಗತಿ ಅವರ ಕೈಗೆ ಸಿಕ್ಕಿರಲಿಲ್ಲ. ಕುದುರೆ ಏರಿ ಬಂದವರೇ ತನಿಖೆ ಶುರುಮಾಡಿದರು.

ಮೋಟಾರನ್ನು ಚಾವಡಿಯ ಮುಂದೆ ನಿಲ್ಲಿಸಲಾಯಿತು. ಎಂಜಿನ್ನು ಚಾಲೂ ಇಟ್ಟು, ರೇಡಿಯೋ ಹಚ್ಚಿ, ಹಿಂದಿನ ಎಡಗಡೆ ಸೀಟಿನಲ್ಲಿ ಊರಿನ ಹನ್ನೊಂದು ಮಂದಿಯನ್ನು ಸರದಿಯಂತೆ ಕೂರಿಸಿದರು. ಸಾಲಿ ಮಾಸ್ತರರು ಕೂತರು, ಹಾಡು ಬಂತು. ಫಕೀರಮ್ಮ ಕೂತಳು, ಹಾಡು. ಇಬ್ಬರು ಜವಾನರು ಕೂತರು, ಹಾಡು. ಅಮೀನರು ಸ್ವತಃ ಕೂತು ತಾಳ ಹಾಕಿದರು, ಹಾಡು. ಹನ್ನೊಂದು ಮಂದಿಯಲ್ಲಿ ಒಬ್ಬರ ಮೈಮೇಲೂ ಹಿಡಿಯಲು ಮಾಂಸವಿರಲಿಲ್ಲವೆಂಬುದು ಯಾರ ಗಮನಕ್ಕೂ ಬರಲಿಲ್ಲ. ಕೊನೆಗೆ ಕಾಳಪ್ಪ ಹೊಸ ರುಮಾಲು ಸುತ್ತಿಕೊಂಡು, ಜನರಿಗೆಲ್ಲ ಕೈ ಎತ್ತಿ ತೋರಿಸಿ, ಒಳಗೆ ಹೋಗಿ ಕೂತ.

"ಕರ್ರ್ರ್ರ್!"

"ಬಹುತ್ ಖೂಬ್!" ಎಂದು ಅಮೀನರು ಬೆತ್ತ ಬಡಿದರು. "ಓಬಳೆಪ್ಪ, ಇದು ನಿಮ್ಮ ಕಲ್ಲ ಒಡಿಯೂ ಆಳಲ್ಲ. ಇದು ತೋಪು! ದುಶ್ಮನ್ ವಾಯರಲೆಸ್ಸಿನ್ಯಾಗ ಹುಕುಂ ಕೊಡ್ತಾನ, ಫೌಜು ಕೇಳತೈತಿ. ಈ ಕಾಳಪ್ಪ ಸಾಬ್ ಹೋಗಿ ನಡುವ ಕುಂತ್ರ? ಕರ್ರ್! ಹುಕುಂ ಇಲ್ಲ. ಫೌಜು ಎತ್ತ ಹೋಗಬೇಕು?"

'ಸಾಬ್' ಎಂಬುದು ಕೇಳಿ ಕಾಳಪ್ಪನ ಕಣ್ಣು ಮಂಜಾದವು. ಕಡಲೆಕಾಯಿ ತೂಗುವ ದೊಡ್ಡ ಕಾಟಾದ ಮೇಲೆ ಅವನನ್ನು ನಿಲ್ಲಿಸಿ ತೂಗಿದರು. ಎಂಟು ಮಣ ನಾಲ್ಕು ಸೇರು. ಎತ್ತರ ಅಳೆದರು, ಹಲ್ಲು ಎಣಿಸಿದರು. ಅಮೀನರು ನಾಲ್ಕು ಹಾಳೆ ಉರ್ದು ಬರೆದು, ಮೊಹರು ಒತ್ತಿ, ಮೇಲಿನ ಕಚೇರಿಗೆ ಕಳಿಸಿದರು.

ಮೇಲಿನ ಕಚೇರಿಯಲ್ಲಿ ಆ ಹಾಳೆಗಳನ್ನು ಯಾರು ಓದಿದರೋ, ಓದಿದರೋ ಇಲ್ಲವೋ ದೇವರೇ ಬಲ್ಲ. ಮೂರು ವಾರಕ್ಕೆ ಹುಕುಂ ಬಂತು. ಅಮೀನರು ಅದನ್ನು ಚಾವಡಿಯಲ್ಲಿ ಎದ್ದುನಿಂತು ಓದಿದರು: "ಸದರಿ ಕಾಳಪ್ಪ, ತೂಕ ಎಂಟು ಮಣ ನಾಲ್ಕು ಸೇರು, ಇಬ್ಬರು ಜವಾನರ ಪಹರೆಯಲ್ಲಿ ಕೂಡಲೇ ರವಾನಿಸತಕ್ಕದ್ದು. ಪರೀಕ್ಷೆಯಾದ ನಂತರ ಲಡಾಯಿಯ ಜಾಗಕ್ಕೆ ಕಳಿಸಲಾಗುವುದು."

ಊರೇ ಉಬ್ಬಿತು. ಕುಷ್ಟಗಿಯಿಂದ ಒಬ್ಬನನ್ನೂ ಕರೆದಿಲ್ಲ, ಯಲಬುರ್ಗಾದಿಂದ ಕರೆದಿಲ್ಲ, ಹನುಮಸಾಗರದವನನ್ನು ತೂಕ ಬರೆದು ಕರೆದಿದ್ದಾರೆ! ಬೀಳ್ಕೊಡುವ ದಿನ ಮೆರವಣಿಗೆಯೆಂದು ಗೊತ್ತಾಯಿತು. ಓಬಳೆಪ್ಪ ಬಾಜಾ ಹೇಳಿದ. ನಾಲ್ಕು ಪೆಟ್ರೋಮ್ಯಾಕ್ಸ್ ದೀಪ ತರಿಸಿದ. ನಾಲ್ಕರಲ್ಲಿ ಮೂರು ಹತ್ತಲಿಲ್ಲ. ಅದಕ್ಕೆ ಗಂಗಾವತಿಯಿಂದ ಮಿಸ್ತ್ರಿ ಇಬ್ರಾಹಿಂಸಾಬನಿಗೆ ಹೇಳಿಕಳಿಸಿದ.

ಹುಕುಮಿನ ಮಾತು ಕಾಳಪ್ಪನಿಗೆ ಪೂರ್ತಿ ಅರ್ಥವಾಗಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಅವನು ಮೆಲ್ಲಗೆ ಅಮೀನರ ಹತ್ತಿರ ಹೋದ.

"ಸಾಹೇಬ್ರ, ಅಲ್ಲಿ ಹೋಗಿ ನಾ ಏನ್ ಮಾಡಬೇಕ್ರಿ?"

"ಕುಂದ್ರಬೇಕು. ಅಷ್ಟ."

"ಎಲ್ಲೆ ಕುಂದ್ರಬೇಕ್ರಿ?"

"ಮೋಟಾರದಾಗ."

"ಮೋಟಾರ ಎಲ್ಲಿ ನಿಂತಿರತೈತ್ರಿ?"

"ದುಶ್ಮನ್ ಮುಂದ. ಹತ್ರ ಇದ್ದಷ್ಟೂ ಛಲೋ."

ಕಾಳಪ್ಪ ಇನ್ನೊಂದು ಹೆಜ್ಜೆ ಹತ್ತಿರ ಬಂದ. "ಅವ್ರು ಸುಮ್ಮನ ನೋಡಕೊಂತ ನಿಂದರತಾರೇನ್ರಿ?"

"ಅದ್ಯಾಂಗ? ಗುಂಡ ಹಾರಸ್ತಾರ, ತೋಪ ಹಾರಸ್ತಾರ. ಆದ್ರ ನೀವು ಏಳಬಾರದು ಕಾಳಪ್ಪ ಸಾಬ್. ನೀವು ಎದ್ರ ಅವರಿಗೆ ಹಾಡು ಕೇಳಸ್ತೈತಿ."

ಮನೆಗೆ ಬಂದ ಕಾಳಪ್ಪ ಉಣ್ಣಲು ಕೂತ. ಆರು ರೊಟ್ಟಿಯ ಮನುಷ್ಯ, ನಾಲ್ಕಕ್ಕೆ ಕೈ ತೊಳೆದ. ಹುಲಿಗವ್ವ ಅವನ ಮುಖ ನೋಡಿದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಜ್ವರ ಬಂದಾಗಲೂ ಐದಕ್ಕೆ ಕಡಿಮೆಯಾದದ್ದಿಲ್ಲ.

"ಹೋಗೂದು ಬ್ಯಾಡಾಗೇತೇನು?"

"ಯಾರ ಅಂದ್ರು?" ಎಂದ ಕಾಳಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಊರ ಮಂದಿ ಮುಂದ ಬ್ಯಾಡಂತ ಹ್ಯಾಂಗ ಅನ್ಲಿ? ಬಾಜಾದವರಿಗೆ ಹೇಳ್ಯಾರ," ಎಂದ. ಅವನ ದನಿ ಅಷ್ಟು ಸಣ್ಣದಾದದ್ದನ್ನು ಅವಳು ಎಂದೂ ಕೇಳಿರಲಿಲ್ಲ.

ಹುಲಿಗವ್ವ ಉಳಿದ ಎರಡು ರೊಟ್ಟಿಯನ್ನು ಬುಟ್ಟಿಗೆ ಹಾಕಿ ಮುಚ್ಚಿದಳು. ಮರುದಿನ ಬೆಳಿಗ್ಗೆ ಓಬಳೆಪ್ಪನ ಅಂಗಳಕ್ಕೆ ಹೋದಳು. ಅಲ್ಲಿ ಇಬ್ರಾಹಿಂಸಾಬ ದೀಪಗಳನ್ನು ಬಿಚ್ಚಿ ಹರವಿಕೊಂಡಿದ್ದ. ಅಕ್ಕಿ ಗಿರಣಿಯ ಎಂಜಿನ್ನು, ಹೊಲಿಗೆ ಮಿಷೀನು, ಗಡಿಯಾರ, ಬೀಗ, ಯಾವುದನ್ನು ಕೊಟ್ಟರೂ ಬಿಚ್ಚಿ ಕೂಡಿಸುವ ಮನುಷ್ಯ ಅವನು. "ಅಣ್ಣಾ," ಎಂದಳು ಹುಲಿಗವ್ವ, "ದೀಪ ಆಮ್ಯಾಲ ನೋಡೀಯಂತ. ಮೊದಲ ನನ್ನ ಗಂಡಗ ಏನಾಗೇತಿ ನೋಡು."

"ಅರೇ ತಂಗಿ, ನಾ ಹಕೀಮ ಅಲ್ಲವಾ, ಮಿಸ್ತ್ರಿ."

"ಹಕೀಮನ ಕೆಲಸ ಇದ್ದಿದ್ರ ಹಕೀಮನ ಹತ್ರ ಹೋಗ್ತಿದ್ದೆ."

ಅವನಿಗೆ ಎಲ್ಲವನ್ನೂ ಹೇಳಿದಳು. ಇಬ್ರಾಹಿಂಸಾಬ ಗಡ್ಡ ಕೆರೆದುಕೊಂಡು ಎದ್ದ. ಓಬಳೆಪ್ಪ ಮೆರವಣಿಗೆಯ ಏರ್ಪಾಡಿಗೆ ಹೋಗಿದ್ದ. ಆದೆಪ್ಪ ಮೋಟಾರು ತೊಳೆಯುತ್ತಿದ್ದ. ಕಾಳಪ್ಪನನ್ನು ಕರೆಸಿ ಮೋಟಾರು ಚಾಲೂ ಮಾಡಿಸಿದರು. ಕೂತ. ಕರ್ರ್.

"ಎಂಜಿನ್ನ ಬಂದ್ ಮಾಡು," ಎಂದ ಇಬ್ರಾಹಿಂಸಾಬ.

ಆದೆಪ್ಪ ಎಂಜಿನ್ನು ನಿಲ್ಲಿಸಿದ. ಕರಕರ ನಿಂತಿತು. ಹಾಡೂ ಬರಲಿಲ್ಲ. ಪೆಟ್ಟಿಗೆ ಕಂಬಳಿ ಹೊದ್ದು ಮಲಗಿದವರಂತೆ ಗುಸುಗುಟ್ಟಿತು.

"ಎಂಜಿನ್ನ ಬಂದ್ ಆದ್ರ ಈ ಮನಶ್ಯಾನ ಸಿಡ್ಲೂ ಬಂದ್ ಆಗತೈತೇನು? ಇಂವ ಪೆಟ್ರೋಲ್ ಕುಡೀತಾನ? ಮತ್ತ ಚಾಲೂ ಮಾಡು. ಕಾಳಪ್ಪಾ, ಬಲಕ್ಕ ಸರಿ."

ಕಾಳಪ್ಪ ಬಲಕ್ಕೆ ಸರಿದ. ಹಾಡು ಗಲಗಲ ಬಂತು. ಎಡಕ್ಕೆ ಸರಿದ. ಕರ್ರ್.

"ಸಿಡ್ಲು ಎಡಗಡೆ ಅಷ್ಟ ಹುಟ್ಟೈತೇನು?" ಎನ್ನುತ್ತ ಇಬ್ರಾಹಿಂಸಾಬ ಅಂಗಿ ಕಳಚಿ ಮೋಟಾರಿನ ಕೆಳಗೆ ನುಸುಳಿದ. "ಇಳಿ... ಹತ್ತು... ಇಳಿ... ಹತ್ತು," ಎಂದು ಕೆಳಗಿನಿಂದ ಕೂಗಿದ. ಆಮೇಲೆ ಕೆಳಗಿನಿಂದ ನಗು ಕೇಳಿಸಿತು. ನಕ್ಕು ನಕ್ಕು ಕೆಮ್ಮು ಹತ್ತಿ ಹೊರಗೆ ಬಂದ.

"ದೇಖೋ. ಈ ರೇಡಿಯೋಕ್ಕ ಗಾಳ್ಯಾಗಿನ ಹಾಡ ಹಿಡಿಯಾಕ ಒಂದು ತಂತಿ ಐತಿ. ಮೆಟ್ಟಿಲಹಲಗಿ ಕೆಳಗ ಉದ್ದಕ ಕಟ್ಟ್ಯಾರ. ಅದರ ಒಂದು ಕಟ್ಟು ಬಿಚ್ಚಿ ತಂತಿ ಜೋತು ಬಿದ್ದೈತಿ. ಅದರ ಬಾಜೂಕ ಹೊಗಿ ಕೊಳವಿ. ನೀ ಎಡಕ್ಕ ಕುಂತ್ರ ಮೋಟಾರ ಕೆಳಗ ಜಗ್ಗತೈತಿ, ತಂತಿ ಕೊಳವಿಗೆ ತಾಗತೈತಿ. ಎಂಜಿನ್ನ ನಡುಗಿದಂಗ ಅದೂ ಬಡಕೋತೈತಿ. ಕರ್ರ್!"

ಕಾಳಪ್ಪ ಕೆಳಗಿಳಿದು, ಬಗ್ಗಿ, ಜೋತುಬಿದ್ದ ತಂತಿಯನ್ನು ನೋಡಿದ. "ಹಂಗಾದ್ರ ನನ್ನ ಮೈಯಾಗ ಸಿಡ್ಲಿಲ್ಲ?"

"ರೊಟ್ಟಿ ಅದಾವು."

ಸಾವು ತಪ್ಪಿದ ಸುದ್ದಿ ಕೇಳಿದ ಮನುಷ್ಯನ ಮುಖ ಹಾಗಿರುವುದಿಲ್ಲ. ಬಾವಿಯ ಕಟ್ಟೆ, ಮಂಡಿನೋವಿನ ಮುದುಕಿಯರು, 'ಸಾಬ್' ಎಂಬ ಮಾತು, ಎಲ್ಲ ಒಂದೊಂದಾಗಿ ಅವನ ಕಣ್ಣ ಮುಂದಿನಿಂದ ಎದ್ದು ಹೋದವು. ಆದೆಪ್ಪ ನೆಲ ನೋಡುತ್ತ ನಿಂತಿದ್ದ. ಮೂರು ಮನೆಯ ಶಾಸ್ತ್ರದಲ್ಲಿ ನಾಲ್ಕನೆಯದಾಗಿ ತಂತಿಯ ಮನೆಯೂ ಇತ್ತೆಂಬುದು ಅವನಿಗೆ ಈಗ ನೆನಪಾಗಿತ್ತು.

"ಈಗ ಕಟ್ಟಿಬಿಡ್ಲಿ?" ಎಂದು ಇಬ್ರಾಹಿಂಸಾಬ ತೊಗಲಿನ ಪಟ್ಟಿ ತೆಗೆದ.

"ತಡಿ," ಎಂದ ಕಾಳಪ್ಪ. ಮಾತು ಅಂದು ಅವನ ತಲೆಯೊಳಗೆ ಕುದುರೆಯಂತೆ ಓಡುತ್ತಿತ್ತು. "ಈಗ ಕಟ್ಟಿದ್ರ ಅಮೀನರು ಏನಂತಾರ? ಅಂಜಿ ಸಿಡ್ಲ ಬಚ್ಚಿಟ್ಟಾನ ಅಂತಾರ. ಊರ ಮಂದಿ ಮುಂದ ತೋರಸಬೇಕು. ಕಾಟಾಕ್ಕ ನಡೀರಿ. ನನ್ನಷ್ಟ ತೂಕದ ಜೋಳದ ಚೀಲ ತೂಗಿ ಆ ಸೀಟಿನ್ಯಾಗ ಇಡೂಣು. ಜೋಳಕ್ಕೂ ಕರಕರ ಅಂದ್ರ ನನ್ನ ಬಿಡಬೇಕು."

ಇಬ್ರಾಹಿಂಸಾಬ ಅವನ ಬೆನ್ನಿಗೆ ಬಾರಿಸಿದ. "ವಾಹ್! ಇದು ಸಿಡ್ಲಲ್ಲ ಕಾಳಪ್ಪಾ, ಇದು ಅಕಲು!"

ಹುಲಿಗವ್ವ ಸೆರಗು ಸಿಕ್ಕಿಸಿಕೊಂಡು ಕಾಟಾದ ಕಡೆ ಹೊರಟಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಗಂಡನ ಬಾಯಿಂದ ಅವಳಿಗಿಂತ ಮೊದಲು ಮಾತು ಬಂದಿತ್ತು.

ಸಂಜೆ ಬಾಜಾದವರು, ಹಾರಗಳು, ಅಮೀನರು, ಇಬ್ಬರು ಜವಾನರು, ಇಡೀ ಊರು ಚಾವಡಿಯ ಮುಂದೆ ಸೇರಿತು. ಕಾಳಪ್ಪ ಮುಂದೆ ಬಂದು ಎಲ್ಲರಿಗೂ ಕೈಮುಗಿದ. "ಹೋಗೂಕಿಂತ ಮೊದಲ ಒಂದು ಪರೀಕ್ಷಾ ಐತ್ರಿ," ಎಂದ. ನಾಲ್ವರು ಚೀಲ ಹೊತ್ತು ತಂದು ಹಿಂದಿನ ಎಡಗಡೆ ಸೀಟಿನಲ್ಲಿ ಕೂರಿಸಿದರು. ಆದೆಪ್ಪ ಎಂಜಿನ್ನು ಚಾಲೂ ಮಾಡಿ ರೇಡಿಯೋ ಹಚ್ಚಿದ.

"ಕರ್ರ್ರ್ರ್!"

ಜನ ದಂಗಾದರು. ಬಾಜಾದವನ ಕೈಯಿಂದ ಕೋಲು ಬಿತ್ತು. ಅಷ್ಟರಲ್ಲಿ ಫಕೀರಮ್ಮನ ದನಿ ಎದ್ದಿತು: "ಯಾರ ಹೊಲದ ಜೋಳ ಅದು? ಆ ಹೊಲಕ್ಕ ಸಿಡ್ಲು ಬಡದಿದ್ದು ನನಗ ನೆನಪೈತಿ!"

ಅಮೀನರು ತಲೆಯಾಡಿಸಿ ಕಿಸೆಯಿಂದ ಪುಸ್ತಕ ತೆಗೆದರು. ಅವರು ಜೋಳದ ಬಗ್ಗೆ ಹೊಸ ನಾಲ್ಕು ಹಾಳೆ ಬರೆಯುವ ಮೊದಲೇ ಇಬ್ರಾಹಿಂಸಾಬ ಅವರ ತೋಳು ಹಿಡಿದು, "ಹುಜೂರ್, ಒಂದ್ ಸಲ ಕೆಳಗ ಬರ್ರಿ," ಎಂದ. ಬೂಟು, ಪಟ್ಟಿ, ಬಿಲ್ಲೆ ಸಮೇತ ಅಮೀನರು ಮೋಟಾರಿನ ಕೆಳಗೆ ಮಲಗಿದರು. ಊರಿಗೆ ಅವರ ಬೂಟುಗಳು ಮಾತ್ರ ಕಾಣುತ್ತಿದ್ದವು. ತಂತಿ ಕೊಳವೆಗೆ ಬಡಿಯುವುದನ್ನು ಅವರು ಕಣ್ಣಾರೆ ನೋಡಿದರು, ಬೆತ್ತದಿಂದ ಎತ್ತಿ ಹಿಡಿದು ಹಾಡು ಬರಿಸಿದರು, ಬಿಟ್ಟು ಕರಕರ ಬರಿಸಿದರು. ಮತ್ತೆ ಎತ್ತಿದರು. ಮತ್ತೆ ಬಿಟ್ಟರು. ಹೊರಗೆ ಬರಲು ಅವರಿಗೆ ಮನಸ್ಸೇ ಇದ್ದಂತಿರಲಿಲ್ಲ. ಹೊರಗೆ ಬಂದರೆ ಮಾತಾಡಬೇಕಿತ್ತು.

ಚೀಲ ಇಳಿಸಿದರು. ಇಬ್ರಾಹಿಂಸಾಬ ತೊಗಲಿನ ಪಟ್ಟಿಯಿಂದ ತಂತಿಯನ್ನು ಬಿಗಿದು ಕಟ್ಟಿದ. "ಈಗ ಕುಂದ್ರು ಕಾಳಪ್ಪಾ."

ಕಾಳಪ್ಪ ಕೂತ. ಹಾಡು ನಿಲ್ಲಲಿಲ್ಲ. ಯಾರೋ ಗಂಡಸೊಬ್ಬ ಸಾವಕಾಶವಾಗಿ, ಒಂದೇ ಸಾಲನ್ನು ತಿರುಗಿ ತಿರುಗಿ ಹೊಸ ರೀತಿಯಲ್ಲಿ ಹಾಡುತ್ತಿದ್ದ. ಆಗ ಓಬಳೆಪ್ಪನಿಗೆ ಒಂದು ವಿಷಯ ಹೊಳೆಯಿತು. ಊರಿನ ಎಳೆಮಕ್ಕಳೂ ಆ ಸೀಟಿನಲ್ಲಿ ಕೂತು ಹಾಡು ಕೇಳಿದ್ದರು. ಎರಡು ತಿಂಗಳಿಂದ ಮೋಟಾರು ಹತ್ತಿ ಇಳಿಯುತ್ತಿದ್ದ ಕಾಳಪ್ಪ ಮಾತ್ರ ಒಳಗೆ ಕೂತು ಒಂದು ಹಾಡನ್ನೂ ಪೂರ್ತಿ ಕೇಳಿದ್ದೇ ಇಲ್ಲ. ಕಾಳಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ. ಬಾಯಿ ಅರ್ಧ ತೆರೆದ ಹಾಗೆಯೇ ಇತ್ತು. ಹಾಡು ಮುಗಿಯುವ ತನಕ ಯಾರೂ ಅವನನ್ನು ಇಳಿ ಎನ್ನಲಿಲ್ಲ.

"ಕಾಳಪ್ಪಾ," ಎಂದ ಓಬಳೆಪ್ಪ ಕೊನೆಗೆ. 'ಕಾಳ್ಯಾ' ಅನ್ನಲಿಲ್ಲ, 'ಕಾಳಪ್ಪನವರ' ಎಂದೂ ಅನ್ನಲಿಲ್ಲ. "ಮೂರು ಮನಿ ಹುಡುಕಿದಾಂವ ಡ್ರೈವರ ಆದ. ಚೀಲ ಇಟ್ಟು ನೋಡಬೇಕಂತ ಹೊಳದಿದ್ದು ನಮ್ಮ ಮುಕಾದಂಗ. ಬಾಜಾ ಬಾರಸ್ರೋ, ತರಿಸಿದ ಬಾಜಾ ಸುಮ್ನ ಯಾಕ ನಿಂದರಬೇಕು!"

ಬಾಜಾ ಬಾರಿಸಿತು. ಹಾರಗಳು ಕಾಳಪ್ಪನ ಕೊರಳಿಗೇ ಬಿದ್ದವು. ಸಂಭ್ರಮದ ನಡುವೆ ಒಬ್ಬರೇ ಮಂಕಾಗಿ ಕೂತಿದ್ದವರು ಅಮೀನರು. "ಎಲ್ಲಾ ಖರೆ," ಎಂದರು. "ಆದ್ರ ಹುಕುಂ ಬಂದೈತಲ್ಲ? ಎಂಟು ಮಣ ನಾಲ್ಕು ಸೇರಿನ ಕಾಳಪ್ಪನ ಕಳಸಬೇಕು. ನನ್ನ ಕಾಗದ ತಪ್ಪು ಅಂತ ನಾನ ಹ್ಯಾಂಗ ಬರೀಲಿ? ಹನ್ನೆರಡ ವರ್ಷದಾಗ ನಾ ಬರದದ್ದು ಇದೊಂದ ದೊಡ್ಡ ಕಾಗದ!"

ಕಾಳಪ್ಪನಿಗೆ ಅವರ ಮುಖ ನೋಡಿ ಕನಿಕರವಾಯಿತು. ಎರಡು ತಿಂಗಳು ತಾನೂ ಅಂಥದ್ದೇ ಒಂದು ದೊಡ್ಡಸ್ತಿಕೆಯನ್ನು ನೆಚ್ಚಿಕೊಂಡಿದ್ದವನಲ್ಲವೆ? ಕೆಳಗಿಳಿಸಿದ್ದ ಚೀಲದ ಮೇಲೆ ಕೈಯಿಟ್ಟು ಹೇಳಿದ: "ತೂಕ ಸರಿ ಐತ್ರಿ ಸಾಹೇಬ್ರ. ಕರಕರಾನೂ ಮಾಡತೈತಿ. ಹೆಸರಷ್ಟ ಬರದ ಹಚ್ಚಿದ್ರ ಆತು."

ಅಮೀನರು ಚೀಲವನ್ನು ನೋಡಿದರು. ಕಾಳಪ್ಪನನ್ನು ನೋಡಿದರು. ಹುಕುಂ ತೆಗೆದು ಇನ್ನೊಮ್ಮೆ ಓದಿದರು. ಅದರಲ್ಲಿ ಹೆಸರಿತ್ತು, ತೂಕವಿತ್ತು. ಮನುಷ್ಯನೇ ಆಗಿರಬೇಕೆಂದು ಎಲ್ಲೂ ಇರಲಿಲ್ಲ. ಮರುದಿನ ಬೆಳಿಗ್ಗೆ ಚೀಲದ ಬಾಯಿಗೆ ಮೊಹರು ಒತ್ತಿ, ಹೊಟ್ಟೆಗೆ ಉರ್ದುವಿನಲ್ಲಿ 'ಕಾಳಪ್ಪ, ಸಾಕಿನ್ ಹನುಮಸಾಗರ' ಎಂದು ಬರೆದ ಚೀಟಿ ಹೊಲಿದು, ಇಬ್ಬರು ಜವಾನರ ಪಹರೆಯಲ್ಲಿ ಚಕ್ಕಡಿಯ ಮೇಲೆ ಕೊಪ್ಪಳದ ಸ್ಟೇಷನ್ನಿಗೆ ರವಾನಿಸಿದರು. ದೊಡ್ಡ ಕಾಳಪ್ಪ ಊರ ಅಗಸಿಬಾಗಿಲ ತನಕ ನಡೆದು ಹೋಗಿ ಸಣ್ಣ ಕಾಳಪ್ಪನನ್ನು ಬೀಳ್ಕೊಟ್ಟು ಬಂದ.

ಹದಿನೈದು ದಿನಕ್ಕೆ ಪಾವತಿ ಬಂತು. ಅಮೀನರು ಸ್ವತಃ ಕುದುರೆಯ ಮೇಲೆ ತಂದು ಕಾಳಪ್ಪನ ಕಟ್ಟೆಯ ಮೇಲೆ ಕೂತು ಓದಿ ಹೇಳಿದರು: "ಸದರಿ ಕಾಳಪ್ಪ ಸುರಕ್ಷಿತ ಮುಟ್ಟಿದ್ದಾನೆ. ನಡತೆ ಉತ್ತಮ. ದಾರಿಯಲ್ಲಿ ಊಟ ಕೇಳಿಲ್ಲ, ತಕರಾರು ಮಾಡಿಲ್ಲ, ಜವಾನರಿಗೆ ಎದುರು ಮಾತಾಡಿಲ್ಲ. ಇಲ್ಲಿ ತೂಗಲಾಗಿ ಎಂಟು ಮಣಕ್ಕೆ ಎರಡು ಸೇರು ಕಡಿಮೆ ಬಂದಿದ್ದು, ಪ್ರಯಾಣದ ಶ್ರಮದಿಂದ ಆರು ಸೇರು ಇಳಿದಿರುವುದಾಗಿ ಜವಾನರು ತಿಳಿಸಿರುತ್ತಾರೆ."

"ನಡತಿ ಉತ್ತಮ ಅಂತ ಬರದಾರ," ಎಂದು ಕಾಳಪ್ಪ ಬೀದಿಗೆ ಕೇಳುವಂತೆ ಹೇಳಿ, ಸುತ್ತ ನಿಂತವರ ಕಡೆ ಎದೆ ಮುಂದೆ ಮಾಡಿ ನೋಡಿದ. "ಇನ್ನೊಮ್ಮೆ ಓದ್ರಿ ಸಾಹೇಬ್ರ, ಅದಷ್ಟ."

ಅಮೀನರು ಓದಿದರು.

ಹುಲಿಗವ್ವ ಒಳಗಿನಿಂದ ರೊಟ್ಟಿ ಬಡಿಯುತ್ತಲೇ ಕೂಗಿದಳು: "ಹೋದಾಂವ ಊಟ ಕೇಳಿಲ್ಲಂತ, ಆರ ಸೇರ ಇಳದಾನಂತ. ಸಾಹೇಬ್ರ, ಇಲ್ಲಿ ಉಳದಾಂವ ಮತ್ತ ಏಳನೇ ರೊಟ್ಟಿಗೆ ಬಂದಾನ. ಕಾಗದಾ ಬರೀರಿ, ಅವರಿಗೆ ಅಡ್ಡಿ ಇಲ್ಲಂದ್ರ ಅದಲಿ ಬದಲಿ ಮಾಡಕೊಳ್ಳೂಣು!"